ಮಲ್ಲೇಶಮಾವ ಮಾರಿದ ಕಾರು

ಆ ಕಾಲದಲ್ಲಿ ಸೊರಬದ ನಮ್ಮ ಓಣಿಗೆ ಬೆಳಗಾಗುತ್ತಿದ್ದುದೇ ಅಪ್ಪನ ಕಾರಿನ ಕೆಮ್ಮಿನಿಂದ. ಒಂದೆರಡು ಸಲ ಕೆಮ್ಮಿ, ಆಮೇಲೆ ಗಡಗಡ ಎಂದು, ಹಿಂದಿನ ಕೊಳವೆಯಿಂದ ನೀಲಿ ಹೊಗೆ ಬಿಡುತ್ತಿತ್ತು. ಎದುರುಮನೆಯವರು ಒಣಹಾಕಿದ ಬಟ್ಟೆ ಎಳೆದುಕೊಂಡು ಒಳಗೆ ಓಡುತ್ತಿದ್ದರು. ನಮ್ಮನೆ ದೋಸೆಗೂ ಸುಟ್ಟ ಆಯಿಲ್ ವಾಸನೆ, ನನ್ನ ಯೂನಿಫಾರ್ಮಿಗೂ ಅದೇ ವಾಸನೆ. ಓಣಿಯ ಮಕ್ಕಳಿಗೆ ಅದೊಂದು ಆಟವಾಗಿತ್ತು. ಒಬ್ಬ ಬಗ್ಗಿ ಕಾರಾಗುವುದು, ಇನ್ನೊಬ್ಬ ಅವನ ಹಿಂದೆ ನಿಂತು ಮಣ್ಣು ತೂರುವುದು, ಉಳಿದವರು "ಸೊಳ್ಳೆ ಓಡ್ಸೋ ಕಾರು ಬಂತು" ಎಂದು ಕೂಗುವುದು. ನಾನಾಗ ಐದನೇ ಕ್ಲಾಸು. ಹಾಗೆ ಕೂಗಿದ ಒಬ್ಬೊಬ್ಬರ ಹೆಸರೂ ನನಗೆ ಈಗಲೂ ನೆನಪಿದೆ.

ಆ ಕಾರನ್ನು ನಮಗೆ ಮಾರಿದವನು ಅಮ್ಮನ ಒಡಹುಟ್ಟಿದ ಅಣ್ಣ, ಶಿಕಾರಿಪುರದ ಮಲ್ಲೇಶಮಾವ. ಹಳೇ ಗಾಡಿಗಳ ವ್ಯಾಪಾರ ಅವನದು. ಅಪ್ಪ ಬಾಡಿಗೆಗೆ ಓಡಿಸಲು ಸಾಗರದಲ್ಲಿ ಬೇರೊಂದು ಕಾರು ನೋಡಿಟ್ಟಿದ್ದ. ಬೇಡ ಎಂದವಳು ಅಮ್ಮ.

"ನಮ್ಮಣ್ಣ ಇರಬೇಕಾದ್ರ ಬ್ಯಾರೆಯವ್ರ ಬಾಗ್ಲಿಗೆ ಯಾಕ ಹೋಗ್ಬೇಕು?" ಎಂದಳು. ಮದುವೆಯಾಗಿ ಬಂದು ವರ್ಷಗಳಾದರೂ ಶಿಕಾರಿಪುರದ ಮಾತು ಅವಳ ನಾಲಿಗೆ ಬಿಟ್ಟಿರಲಿಲ್ಲ.

ಮಾವ ಬಾನೆಟ್ಟಿನ ಮೇಲೆ ಕೈಯಾಡಿಸುತ್ತಾ, "ಮೀಟ್ರು ನೋಡ್ರಿ ಭಾವ, ಏನೂ ಓಡಿಲ್ಲ. ಇನ್ನೂ ಎಳೇ ಕೂಸು" ಎಂದಿದ್ದ. ಅವತ್ತು ಹೊಗೆಯೂ ಇರಲಿಲ್ಲ, ಸದ್ದೂ ಇರಲಿಲ್ಲ.

ತಿಂಗಳು ತುಂಬುವುದರೊಳಗೆ ಕೂಸಿನ ಬಣ್ಣ ಬಯಲಾಯಿತು. ಎಷ್ಟು ಆಯಿಲ್ ಹಾಕಿದರೂ ಕುಡಿದು ಹೊಗೆ ಬಿಡುವುದು, ಏರು ಕಂಡರೆ ನಿಂತುಬಿಡುವುದು. ಚಂದ್ರಗುತ್ತಿಗೆ ಹರಕೆ ಹೊತ್ತು ಹೊರಟವರು ಅರ್ಧ ದಾರಿಯಲ್ಲಿ ಇಳಿದು ಕಾರು ತಳ್ಳುವ ಹರಕೆಯನ್ನೂ ತೀರಿಸಿದರು. ಸ್ಟ್ಯಾಂಡಿನಲ್ಲಿ ಅಪ್ಪನ ಕಾರು ಹತ್ತುವವರೇ ಇಲ್ಲದಂತಾಯಿತು.

ಕೊನೆಗೆ ಮೆಕ್ಯಾನಿಕ್ ನಜೀರಣ್ಣ ಇಂಜಿನ್ ಬಿಚ್ಚಿದ. ಅಪ್ಪನಿಗೆ ಬುತ್ತಿ ಕೊಡಲು ಅಮ್ಮನ ಜೊತೆ ನಾನೂ ಹೋಗಿದ್ದೆ. ಎಣ್ಣೆ ಬಳಿದ ಗೋಣಿಚೀಲದ ಮೇಲೆ ನಾಲ್ಕು ಪಿಸ್ಟನ್ನುಗಳು ಸಾಲಾಗಿ ಕೂತಿದ್ದವು. ಅವುಗಳ ಮೈತುಂಬ ಗೀರು, ಸುತ್ತ ತೊಡಿಸಿದ್ದ ಉಕ್ಕಿನ ರಿಂಗುಗಳು ಸಡಿಲ.

"ಇದು ರಿಂಗಲ್ಲ ಅಕ್ಕ, ಬಳೆ ಆಗಿದೆ" ಎಂದ ನಜೀರಣ್ಣ. "ಒಳಗೆ ಪಿಸ್ಟನ್ ಓಡಾಡೋ ಬೋರೂ ಸವ್ದು ಹೋಗಿದೆ. ಲಕ್ಷಗಟ್ಲೆ ಕಿಲೋಮೀಟ್ರು ಓಡಿದ ಗಾಡಿ. ಹೊಗೆ ಕಾಣ್ಬಾರ್ದು ಅಂತ ಗಟ್ಟಿ ಆಯಿಲ್ ಸುರ್ದು ಕೊಟ್ಟಿದಾರೆ. ಮೀಟ್ರೂ ಹಿಂದಕ್ಕೆ ತಿರುಗ್ಸಿದಾರೆ."

ಬಳೆ ಎಂದದ್ದು ಕೇಳಿ ನಾನು ಒಂದು ರಿಂಗನ್ನು ಕೈಗೆ ಏರಿಸಿಕೊಂಡೆ. ಅಮ್ಮ ಅದನ್ನು ಕಿತ್ತು ಗೋಣಿಚೀಲದ ಮೇಲೆ ಎಸೆದಳು.

ರಿಪೇರಿ ಮಾಡಿಸಿದ ಮೇಲೆ ಕಾರೇನೋ ಸರಿಹೋಯಿತು, ಅಮ್ಮನ ಮಾತಿಗೆ ಬೆಲೆ ಹೋಯಿತು. ಬೇಳೆ ಯಾವ ಅಂಗಡಿಯಲ್ಲಿ ತರಬೇಕು ಎಂದು ಅವಳು ಬಾಯಿಬಿಟ್ಟರೂ ಅಜ್ಜಿ, ಅಂದರೆ ಅಪ್ಪನ ಅಮ್ಮ, "ನಿನ್ನ ಮಾತು ಕೇಳಿ ಕಾರು ತಂದಾಯ್ತಲ್ಲ ಮಾರಾಯ್ತಿ, ಇನ್ನು ಬೇಳೆ ಒಂದು ಬಾಕಿ" ಎನ್ನುತ್ತಿದ್ದಳು. ಅಪ್ಪ ಏನೂ ಅನ್ನುತ್ತಿರಲಿಲ್ಲ. ಅಮ್ಮನಿಗೆ ಅದೇ ಹೆಚ್ಚು ಉರಿಯುತ್ತಿತ್ತು.

ಒಂದು ದಿನ ಅವಳು ಮಾವನಿಗೆ ಫೋನು ಮಾಡಿದಳು. ಅವನ ದನಿ ಪಕ್ಕದಲ್ಲಿದ್ದ ನನಗೂ ಕೇಳಿಸಿತು. "ಗಾಡಿ ಚಲೋನ ಇತ್ತು ತಂಗಿ. ನಿನ್ನ ಗಂಡಗ ಓಡ್ಸಾಕ ಬರಂಗಿಲ್ಲ. ಅದಕ್ಕ ನಾ ಏನ್ ಮಾಡ್ಲಿ?"

ಅಮ್ಮ ಮೆಲ್ಲಗೆ ಫೋನಿಟ್ಟು, ಸಾರಿಗೆ ನೆನೆಹಾಕಿದ್ದ ಹುಣಸೆಹಣ್ಣು ಹಿಚುಕಲು ಕೂತಳು. ಹುಣಸೆಹಣ್ಣನ್ನು ಅಷ್ಟು ಹೊತ್ತು ಹಿಚುಕಿದವರನ್ನು ನಾನು ನೋಡಿಲ್ಲ.

ಬೇಸಿಗೆಯಲ್ಲಿ ಮಾವನ ಹೊಸ ಮನೆಯ ಗೃಹಪ್ರವೇಶಕ್ಕೆ ಕರೆ ಬಂತು. ಅಮ್ಮ ನಜೀರಣ್ಣನ ಹತ್ತಿರ ಹೋಗಿ ಆ ಹಳೇ ಪಿಸ್ಟನ್ನುಗಳನ್ನು ಕೇಳಿ ತಂದಳು. ಹಿತ್ತಲಿನಲ್ಲಿ ಕೂತು ಇಬ್ಬರೂ ಸೀಮೆಎಣ್ಣೆಯಲ್ಲಿ ತೊಳೆದೆವು, ಆಮೇಲೆ ಸೀಗೇಪುಡಿ ಹಾಕಿ ತಿಕ್ಕಿದೆವು. "ಗೀರು ಚಂದಾಗಿ ಕಾಣ್ಬೇಕು, ಸರಿಯಾಗಿ ತಿಕ್ಕು" ಎಂದಳು. ಯಾರಿಗೂ ಹೇಳಬೇಡ ಎಂದು ಅವಳು ಹೇಳಲೇ ಇಲ್ಲ, ನನಗೆ ಗೊತ್ತಿತ್ತು. ಅಷ್ಟು ಖುಷಿಯಿಂದ ನಾನು ಯಾವ ಹಬ್ಬಕ್ಕೂ ಪಾತ್ರೆ ತಿಕ್ಕಿದವಳಲ್ಲ.

ಅಪ್ಪನಿಗೆ ಬಾಡಿಗೆ ಇತ್ತು. ನಾವಿಬ್ಬರೇ ಬಸ್ಸಿನಲ್ಲಿ ಹೋದೆವು. ಅಲ್ಲಿಯ ಕಾರ್ಯಗಳಲ್ಲಿ ನೆಂಟರು ತಂದ ಮುಯ್ಯಿಯನ್ನು ಮೈಕಿನಲ್ಲಿ ಓದಿ ಹೇಳುವುದು ರೂಢಿ. ಮೈಕು ಹಿಡಿದಿದ್ದವರು ಒಬ್ಬ ಹಿರಿಯ ಮೇಷ್ಟ್ರು. ಬಿಂದಿಗೆ, ಡಬರಿ, ಗೋಡೆ ಗಡಿಯಾರ ಎಂದು ಪಾಠ ಒಪ್ಪಿಸುವಂತೆ ಓದುತ್ತಿದ್ದರು. ಅಮ್ಮ ಕುಪ್ಪಸದ ಕಣ ಮುಚ್ಚಿದ ತಟ್ಟೆಯನ್ನು ಅವರ ಮುಂದಿಟ್ಟು, ಬಗ್ಗಿ ಏನು ಓದಬೇಕೆಂದು ಹೇಳಿದಳು. ಅವರು ತಲೆಯೆತ್ತದೆ ಓದಿಯೇಬಿಟ್ಟರು.

"ಸೊರಬದ ತಂಗಿಯವರಿಂದ, ಮಲ್ಲೇಶಪ್ಪನವರೇ ಮಾರಿದ ಕಾರಿನ ಸವೆದ ಪಿಸ್ಟನ್ ನಾಲ್ಕು, ರಿಂಗ್ ಸಮೇತ, ವಾಪಸ್."

ಮಾತು ಧ್ವನಿವರ್ಧಕದಿಂದ ಹೊರಟು ಓಣಿಯನ್ನೆಲ್ಲ ಸುತ್ತಿ ಬಂತು. ಆಮೇಲೆ ಮೇಷ್ಟ್ರು ಕಣ ಎತ್ತಿ ನೋಡಿದರು. ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಎಲೆಅಡಿಕೆಯ ನಡುವೆ ನಾಲ್ಕೂ ಕೂತಿದ್ದವು. ಮಾವ ಪಂಕ್ತಿಯಲ್ಲಿ ತುಪ್ಪ ಬಡಿಸುತ್ತಿದ್ದ. ಕೈ ಅಲ್ಲೇ ನಿಂತು, ಯಾರದೋ ಹೋಳಿಗೆ ತುಪ್ಪದಲ್ಲಿ ಮುಳುಗಿತು. ಊಟಕ್ಕೆ ಕೂತವರಲ್ಲಿ ಅರ್ಧ ಜನ ಅವನ ಗಿರಾಕಿಗಳೇ.

"ಮಲ್ಲೇಶಣ್ಣ, ಹಂಗಾರ ನನ್ನ ಗಾಡೀನೂ ಒಮ್ಮೆ ಬಿಚ್ಚಿಸಿ ನೋಡ್ಲೇನು?" ಎಂದ ಒಬ್ಬ. ಪಂಕ್ತಿಗೆ ಪಂಕ್ತಿಯೇ ನಕ್ಕಿತು.

ನಾವು ಹೊರಟಾಗ ಮಾವ ಬಾಗಿಲ ಹತ್ತಿರ ಬಂದು ಹಲ್ಲು ಕಚ್ಚಿ ಹೇಳಿದ, "ಇನ್ನ ಈ ಹೊಸ ಹೊಸ್ತಿಲ ತುಳೀಬ್ಯಾಡ."

"ಹೊಸ ಹೊಸ್ತಿಲು ಅಂತೀಯಲ್ಲ, ಎಲ್ಲಿ ಸವದೈತಿ ಅಂತ ಒಮ್ಮೆ ನೋಡ್ಕೋ" ಎಂದಳು ಅಮ್ಮ.

ಬಸ್ಸಿನಲ್ಲಿ ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಸುದ್ದಿ ನಮಗಿಂತ ಮೊದಲೇ ಸೊರಬ ಮುಟ್ಟಿತ್ತು. ಅವತ್ತು ಅಜ್ಜಿ ತಾನೇ ಅಮ್ಮನಿಗೆ ಕಾಫಿ ಮಾಡಿಕೊಟ್ಟು, "ಬೇಳೆ ಎಲ್ಲಿಂದ ತರಿಸೋಣ, ನೀನೇ ಹೇಳು ಮಾರಾಯ್ತಿ" ಎಂದಳು. ಅಪ್ಪ ಅಮ್ಮನ ಮುಖ ನೋಡಿ ತುಂಬ ದಿನಗಳ ಮೇಲೆ ನಕ್ಕ. ಶಿಕಾರಿಪುರದಲ್ಲಿ ಜನ ಮಾವನ ಅಂಗಡಿಗೆ ಮೆಕ್ಯಾನಿಕ್ಕನ್ನು ಕರೆದುಕೊಂಡೇ ಹೋಗತೊಡಗಿದರಂತೆ. ಅದನ್ನು ಕೇಳಿದಾಗಲೆಲ್ಲ ನನಗೆ ಹೊಟ್ಟೆ ತಣ್ಣಗಾಗುತ್ತಿತ್ತು.

ಈಗ ನನ್ನದೇ ಕಾರಿದೆ. ಕೆಟ್ಟರೆ ಕಂಪ್ಯೂಟರು ಹಚ್ಚಿ ನೋಡುತ್ತಾರೆ, ಏನು ಸವೆದಿತ್ತು ಎಂದು ನನ್ನ ಕಣ್ಣಿಗೂ ತೋರಿಸುವುದಿಲ್ಲ. ಮೋಸವಾಗಿದ್ದರೂ ಯಾರ ಮುಂದೆ ಏನನ್ನು ಇಡುವುದು?

ಅಮ್ಮ ಹೋದ ವರ್ಷ ತೀರಿಕೊಂಡಳು. ಹೆಣ್ಣುಮಗಳು ಸತ್ತರೆ ತವರಿನ ಸೀರೆ ಹೊದಿಸದೆ ಎತ್ತುವಂತಿಲ್ಲ. ಅಷ್ಟೂ ವರ್ಷ ನಮ್ಮ ಕಡೆ ತಲೆಹಾಕದ ಮಾವ ಕೋಲೂರಿಕೊಂಡು ಬಂದ, ಕೈಯಲ್ಲಿ ಹಸಿರು ಸೀರೆ. ನಾನು ಬಾಗಿಲಲ್ಲೇ ನಿಂತು ಕೇಳಿದೆ, "ಸೀರೆ ಹೊಸದೇನು ಮಾವ?"

ನೆಂಟರೆಲ್ಲ ತಲೆ ತಗ್ಗಿಸಿದರು. ಮಾವ ಸೀರೆಯ ಮಡಿಕೆ ಬಿಚ್ಚಿ, ಅಂಗಡಿಯ ಚೀಟಿ ಇನ್ನೂ ಅಂಟಿದ್ದ ಸೆರಗು ತೋರಿಸಿದ. ನನಗೆ ಅವನ ಮೇಲೆ ಕನಿಕರ ಬರಲಿಲ್ಲ, ಇವತ್ತಿಗೂ ಬಂದಿಲ್ಲ. ಇಂಥ ಮಾತು ಎಲ್ಲಿ ಆಡಿ ಬಂದರೂ ಅಮ್ಮನಿಗೆ ಹೇಳಬೇಕು, ಅವಳು "ಇನ್ನೊಮ್ಮೆ ಹೇಳು" ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗಬೇಕು, ಆಗ ಮಾತ್ರ ನನಗೆ ಗೆದ್ದ ಹಾಗನಿಸುತ್ತಿತ್ತು. ಅವತ್ತೂ ಹೇಳಿ ಮುಗಿಸಿದ ಕೂಡಲೇ ಅಮ್ಮನ ಕಡೆ ತಿರುಗಿದೆ.