ರೈಲು ಚಾರ್ಜಿನ ಪುಣ್ಯ

ನಮ್ಮ ಮನೆ ಕಾಶಿಯಲ್ಲಿ, ಸೋನಾರ್‌ಪುರದ ರಸ್ತೆಯಿಂದ ಒಳಗೆ, ಗಲ್ಲಿಯ ಕೊನೆಯಲ್ಲಿ. ಕರ್ನಾಟಕದಿಂದ ಬರುವವರಿಗೆ ನನ್ನ ಗಂಡ ಕರ್ಮ ಮಾಡಿಸುತ್ತಾರೆ, ನಾನು ಊಟ ಹಾಕುತ್ತೇನೆ. ಹೀಗಾಗಿ ರೈಲಿನ ಮಾತು ಬಂದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ನಮ್ಮ ಅನ್ನ ಬರುವುದೇ ಕಂಟೋನ್ಮೆಂಟ್ ಸ್ಟೇಷನ್ನಿನಿಂದ.

ಗದಗದ ಕಡೆಯ ಅಜ್ಜಿಯೊಬ್ಬರು ಗಂಡನ ಶ್ರಾದ್ಧಕ್ಕೆಂದು ಮೊದಲ ಸಲ ಬಂದಾಗ ಹಿರಿಯರಿಗೆ ಟಿಕೆಟ್‌ನಲ್ಲಿ ರಿಯಾಯಿತಿ ಇತ್ತು. ಬಂದ ದಿನವೇ ಟಿಕೆಟನ್ನು ನನ್ನ ಕೈಗಿಟ್ಟು, ಅದರಲ್ಲಿದ್ದ ಸಣ್ಣಕ್ಷರ ಓದಿಸಿಕೊಂಡರು. ಪ್ರಯಾಣದ ಖರ್ಚಿನಲ್ಲಿ ಒಂದು ಪಾಲನ್ನು ದೇಶದ ಜನಸಾಮಾನ್ಯರು ಹೊರುತ್ತಾರೆ ಎಂದಿತ್ತು. ಕಾಶಿಗೆ ಕಳಿಸಿದವರಿಗೂ ಯಾತ್ರೆಯ ಪುಣ್ಯದಲ್ಲಿ ಪಾಲು ಎಂಬುದು ಅಜ್ಜಿಯ ನಂಬಿಕೆ.

“ಹಂಗಾದ್ರ ಅವರದೂ ಪಾಲು ಐತಿ. ನಾಳೆ ಸಂಕಲ್ಪದಾಗ ಅವರನ್ನೂ ಸೇರಸ್ರಿ” ಎಂದರು.

ಯಾರ ಹೆಸರು ಹೇಳುವುದು? ನನ್ನ ಗಂಡ ತಲೆ ಕೆರೆದುಕೊಂಡು, ಮರುದಿನ ‘ಚಾರ್ಜು ಕೊಟ್ಟ ಸಮಸ್ತರಿಗೂ’ ಎಂದು ಕನ್ನಡದಲ್ಲೇ ಸೇರಿಸಿದರು. ಆಮೇಲೆ ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು.

“ಮುಂದಿನ ಸಲ ತಂಗೀನ ಕರ್ಕೊಂಡ ಬರ್ತೀನಿ. ಗಂಗಿ ನೋಡಬೇಕಂತ ಭಾಳ ಆಸಿ ಅಕಿಗೆ” ಎಂದು ಹೇಳಿ ಅಜ್ಜಿ ಹೊರಟರು. ತಂಗಿಗೆ ಅಕ್ಕನ ಹೊರತು ಯಾರೂ ಇರಲಿಲ್ಲ.

ಕೊರೋನಾ ಬಂತು, ರಿಯಾಯಿತಿ ಹೋಯಿತು. ಕೊರೋನಾ ಹೋದರೂ ರಿಯಾಯಿತಿ ವಾಪಸ್ ಬರಲಿಲ್ಲ. ಇಬ್ಬರ ಚಾರ್ಜು ಹೊಂದುತ್ತಿಲ್ಲ ಎಂದು ಅಜ್ಜಿ ಆಗಾಗ ಫೋನಿನಲ್ಲಿ ಹೇಳುತ್ತಿದ್ದರು. ಜನರಲ್ ಬೋಗಿಯ ನೂಕುನುಗ್ಗಲು ತಂಗಿಯ ಮೊಣಕಾಲಿಗೆ ಆಗದ ಮಾತು. ನೀವೊಬ್ಬರೇ ಬನ್ನಿ ಎಂದರೆ, “ಅಕೀನ ಬಿಟ್ಟು ಹೆಂಗ ಬರ್ಲಿ?” ಎನ್ನುತ್ತಿದ್ದರು.

ಈ ಸಂಕಟವನ್ನು ಮಗಳ ಹತ್ತಿರ ಹೇಳಿಕೊಂಡೆ. ಅವಳಿಗೆ ಹೋಟೆಲೊಂದರಲ್ಲಿ ಕೆಲಸ.

“ಅಮ್ಮಾ, ರೈಲು ನುಕ್ಸಾನ್‌ನಲ್ಲೇ ಓಡತ್ತೆ. ಹೋಗೋರು ಪೂರಾ ಕಿರಾಯಾ ಕೊಡ್ಲಿ. ಹೋಗದೇ ಇರೋರು ಯಾಕೆ ಕೊಡ್ಬೇಕು?”

ನನಗೆ ಮೈಯೆಲ್ಲಾ ಉರಿಯಿತು. “ನೀನು ಸ್ಕೂಟಿ ಓಡಿಸೋ ರಸ್ತೆ ನಿಮ್ಮಪ್ಪ ಹಾಕಿಸಿದ್ದಾ?” ಎಂದೆ. ಅವಳು ಮುಖ ಊದಿಸಿಕೊಂಡು ಎದ್ದು ಹೋದಳು. ಅವಳ ಮಾತು ಪೂರ್ತಿ ಸುಳ್ಳೇನಲ್ಲ, ಯಾರಾದರೂ ಕೊಡಲೇಬೇಕು. ಆದರೆ ಸೋಪಿಗೂ ಎಣ್ಣೆಗೂ ತೆರಿಗೆ ಕಟ್ಟುವ ನಾನೂ ಕೊಡುವವಳೇ ಅಲ್ಲವೇ? ಆ ಇಬ್ಬರು ಮುದುಕಿಯರ ಚಾರ್ಜಿಗೆ ನಿನ್ನ ತೆರಿಗೆಯನ್ನು ಸೇರಿಸೋಣವೇ ಎಂದು ನನ್ನನ್ನು ಯಾರೂ ಕೇಳಲಿಲ್ಲ.

ಕಳೆದ ಚಳಿಗಾಲದಲ್ಲಿ ಅಜ್ಜಿ ಬಂದೇಬಿಟ್ಟರು. ಇ-ರಿಕ್ಷಾದಿಂದ ಇಳಿದವರು ಒಬ್ಬರೇ. ತಂಗಿ ಎಲ್ಲಿ ಎಂದು ನಾನು ಅವರ ಹಿಂದೆ ನೋಡಿದೆ. ಅಜ್ಜಿ ಎದೆಗವಚಿಕೊಂಡಿದ್ದ ಕೈಚೀಲದ ಬಾಯಿ ಬಿಡಿಸಿದರು. ಒಳಗೆ ಬಟ್ಟೆ ಕಟ್ಟಿದ ಸಣ್ಣ ಮಡಕೆ.

“ಕರ್ಕೊಂಡ ಬಂದೀನವ್ವಾ. ಈ ಸಲ ಒಂದ ಟಿಕೇಟ ಸಾಕಾತು.”

ನನಗೆ ಅಳು ತಡೆಯಲಾಗಲಿಲ್ಲ.

ಮಣಿಕರ್ಣಿಕಾದ ಎದುರು ದೋಣಿ ನಿಲ್ಲಿಸಿದಾಗ ನಾನೂ ಜೊತೆಗಿದ್ದೆ. ರಿಯಾಯಿತಿ ಹೋಗಿದ್ದರೂ ಟಿಕೆಟಿನಲ್ಲಿ ಆ ಸಣ್ಣಕ್ಷರ ಹಾಗೇ ಇತ್ತು. “ಚಾರ್ಜು ಕೊಟ್ಟವರನ್ನ ಮರೀಬ್ಯಾಡ್ರಿ” ಎಂದು ಅಜ್ಜಿ ನೆನಪಿಸಿದರು. ನನ್ನ ಗಂಡ ಹಿಂದಿನಂತೆಯೇ ‘ಸಮಸ್ತರಿಗೂ’ ಎಂದರು. ಆ ಸಮಸ್ತರಲ್ಲಿ ನಾನೂ ಒಬ್ಬಳು. ಆ ಪಾಲು ತೆಗೆದುಕೊಳ್ಳಲು ನನಗೆ ನಾಚಿಕೆಯಾಯಿತು.