ಮೇಣದಬತ್ತಿಯ ಸುತ್ತ ಕಂಡ ಬಳೆ

ಮೊದಲು ಕಂಡದ್ದು ನಮ್ಮೂರ ಶಾಲೆಯ ಮಾಷ್ಟ್ರ ಮನೆಯ ಸುರಂಗದಲ್ಲಿ.

ನಾನು ಸುರಂಗ ಕೊರೆಯುವವನು. ನಮ್ಮ ಎಣ್ಮಕಜೆ ಕಡೆ ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ಕೊರೆದು ನೀರನ್ನು ಹೊರಗೆ ಹರಿಸಿಕೊಳ್ಳುತ್ತಾರೆ. ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟೇ ಅಗಲ. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಅಪ್ಪನ ಹಿಂದೆ ಮಣ್ಣು ಹೊರಲು ಹೋದವನು, ಆಮೇಲೆ ಪಿಕ್ಕಾಸು ಕೆಳಗಿಟ್ಟದ್ದಿಲ್ಲ. ನಾನು ನೀರುಂಟು ಎಂದ ಕಡೆ ನೀರು ಸಿಕ್ಕಿದೆ. ಜಂಬಕ್ಕೆ ಹೇಳುವುದಲ್ಲ. ಜಂಬ ಇದ್ದದ್ದಂತೂ ನಿಜ.

ಅಗೆಯುವಾಗ ಬೆನ್ನ ಹಿಂದೆ ಗೋಡೆಯ ಗೂಡಿನಲ್ಲಿ ಮೇಣದಬತ್ತಿ ಉರಿಯುತ್ತಿರಬೇಕು. ಬೆಳಕಿಗಿಂತ ಹೆಚ್ಚಾಗಿ ಅದು ಗಾಳಿ ನೋಡುವುದಕ್ಕೆ. ಬತ್ತಿ ಮಂಕಾದರೆ ಗಾಳಿ ಕೆಟ್ಟಿದೆ ಎಂದು ಲೆಕ್ಕ. ಪಿಕ್ಕಾಸನ್ನು ಅಲ್ಲೇ ಬಿಟ್ಟು ಹೊರಗೆ ಬರಬೇಕು.

ಆ ದಿನ ಬತ್ತಿ ಮಂಕಾಗಲಿಲ್ಲ. ಅದರ ಸುತ್ತ ಒಂದು ಬಳೆ ಕಂಡಿತು. ಒಳಗೆ ನೀಲಿ, ಹೊರಗೆ ಕೆಂಪು, ಕಾಮನಬಿಲ್ಲನ್ನು ಬಗ್ಗಿಸಿ ಜೋಡಿಸಿದ ಹಾಗೆ. ಎಡ ಹುಬ್ಬಿನ ಮೇಲೆ ಸುತ್ತಿಗೆಯಲ್ಲಿ ಬಡಿದಂಥ ನೋವು.

"ಹೊರಗೆ ನಡೆ, ಗಾಳಿ ಸರಿ ಇಲ್ಲ," ಅಂದೆ.

ಮಣ್ಣು ಹೊರುತ್ತಿದ್ದ ಸಂಜೀವ ನನ್ನ ಜೊತೆ ಹತ್ತು ವರ್ಷ ದುಡಿದವನು. ಬತ್ತಿಯ ಹತ್ತಿರ ಮುಖ ಇಟ್ಟು ನೋಡಿದ. "ಸರಿಯೇ ಉರೀತಾ ಉಂಟಲ್ಲ ಬಾಬಣ್ಣ. ಬಳೆಯೂ ಇಲ್ಲ, ಮೂಗುತಿಯೂ ಇಲ್ಲ."

"ನಿನಗೆ ಕಾಣದಿದ್ದರೆ ಅದು ನಿನ್ನ ಕಣ್ಣಿನ ದೋಷ ಮಾರಾಯ."

ಹೊರಗೆ ಬಿಸಿಲಲ್ಲಿ ಕೂತಾಗ ನೋವು ಇಳಿಯಿತು. ಅಲ್ಲಿಗೆ ನನಗೆ ಗ್ಯಾರಂಟಿಯಾಯಿತು. ಒಳಗಿನ ಗಾಳಿಯೇ ವಿಷ. ಹಿಂದೆ ಗೇರುತೋಟಕ್ಕೆ ಹೊಡೆದ ಕೀಟದ ಮದ್ದು ಇನ್ನೂ ಮಣ್ಣಿನಲ್ಲಿ ಕೂತಿದೆ ಎಂದೂ ಸೇರಿಸಿದೆ. ಆ ಮದ್ದಿನಿಂದ ನರಳಿದವರು ಇರುವ ನಮ್ಮೂರಿನಲ್ಲಿ ಆ ಮಾತನ್ನು ಯಾರೂ ತೆಗೆದು ಹಾಕುವುದಿಲ್ಲ. ಮಾಷ್ಟ್ರಿಗೆ, "ಮುಂದೆ ಹೋದರೆ ಜೀವ ಹೋದೀತು, ಯಾರನ್ನೂ ಒಳಗೆ ಬಿಡಬೇಡಿ," ಎಂದು ಹೇಳಿ, ನೀರು ಸಿಗುವ ಮೊದಲೇ ಸುರಂಗದ ಬಾಯಿಗೆ ಕಲ್ಲು ಪೇರಿಸಿ ಬಂದೆ. ಅವರು ನನ್ನ ಮಾತು ನಂಬಿದರು.

ಎರಡು ವರ್ಷ ಹಾಗೇ ಕಳೆಯಿತು. ಬೇರೆ ಸುರಂಗಗಳಲ್ಲೂ ಆಗಾಗ ಬಳೆ ಬರುತ್ತಿತ್ತು. ಬಂದರೆ ಹೊರಗೆ ಕೂರುವುದು, ತಲೆನೋವಿನ ಮಾತ್ರೆ ನುಂಗುವುದು, ಮತ್ತೆ ಒಳಗೆ ಹೋಗುವುದು. ಎಡಭುಜ ಗೋಡೆಗೆ ಉಜ್ಜಿ ಚರ್ಮ ಕಿತ್ತು ಬರುತ್ತಿತ್ತು. ಸುರಂಗ ಇಕ್ಕಟ್ಟಾಗಿದೆ ಅಂದುಕೊಂಡೆ.

ಕಳೆದ ಬೇಸಗೆಯಲ್ಲಿ ಪೆರ್ಲದ ಹತ್ತಿರ ಅಗೆಯುತ್ತಿದ್ದಾಗ ವಾಂತಿಯಾಯಿತು. ಸಂಜೀವ ಕಾಲು ಹಿಡಿದು ಹೊರಗೆ ಎಳೆದ. ಎಡಗಣ್ಣು ಕೆಂಡದ ಹಾಗೆ ಕೆಂಪಾಗಿತ್ತು. ಅದರಲ್ಲಿ ನೋಡಿದರೆ ಎದುರಿಗೆ ಬರೀ ಹೊಗೆಯ ಹಾಗೆ.

ಮನೆಯಲ್ಲಿ ಹೆಂಡತಿ ಲಲಿತ ಬೀಡಿ ಕಟ್ಟುತ್ತಾ ಕೂತಿದ್ದಳು. ನಾನು ಗಾಳಿಯ ಕತೆ ಹೇಳಿದೆ. ಅವಳು ಎಲೆ ಕೆಳಗಿಟ್ಟು ನನ್ನ ಮುಖ ನೋಡಿದಳು.

"ಕೆಟ್ಟ ಗಾಳಿ ಒಂದೇ ಕಣ್ಣಿಗೆ ತಾಗುವುದುಂಟಾ?"

ಅವಳೇ ಜೀಪು ಕರೆಸಿದಳು.

ಮಂಗಳೂರಿನ ಕಣ್ಣಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು, ಡ್ರಾಪ್ಸ್ ಬಿಟ್ಟರು. ನೋವು ಇಳಿದ ಮೇಲೆ ಎರಡೂ ಕಣ್ಣಿಗೆ ಲೇಸರ್‌ನಲ್ಲಿ ಸೂಜಿಮೊನೆಯಷ್ಟು ತೂತು ಮಾಡಿದರು. ಕೆಲವು ದಿನ ಬಿಟ್ಟು, ಕಣ್ಣಿಗೆ ಸುತ್ತ ಎಷ್ಟು ಕಾಣುತ್ತದೆ ಎಂದು ನೋಡುವ ಫೀಲ್ಡ್ ಟೆಸ್ಟ್. ಕತ್ತಲೆ ಕೋಣೆಯಲ್ಲಿ ಬೋಗುಣಿಯಂಥ ಯಂತ್ರಕ್ಕೆ ಗಲ್ಲ ಕೊಟ್ಟು ಕೂರಬೇಕು, ಚುಕ್ಕಿಬೆಳಕು ಕಂಡಾಗ ಗುಂಡಿ ಒತ್ತಬೇಕು. ಕತ್ತಲೆಯಲ್ಲಿ ನೋಡುವುದನ್ನು ನನಗೆ ಇವರು ಕಲಿಸಬೇಕಾ? ಟಕಟಕ ಒತ್ತಿದೆ.

ಡಾಕ್ಟರಮ್ಮ ಕಾಗದ ನೋಡಿ ಕೇಳಿದರು. "ಬೆಳಕು ಇಲ್ಲದಾಗಲೂ ಒತ್ತಿದ್ದೀರಲ್ಲ. ಯಾಕೆ?"

ಲಲಿತ ಪಕ್ಕದಲ್ಲೇ ಇದ್ದಳು. ನಾನು ನೆಲ ನೋಡಿದೆ.

ಎರಡನೇ ಸಲ ನಿಜ ಒತ್ತಿದೆ. ಕಾಣದ ಜಾಗವೆಲ್ಲ ಕಪ್ಪಂತೆ; ಎಡಗಣ್ಣಿನ ಕಾಗದ ಬಹುತೇಕ ಕಪ್ಪಾಗಿ ಬಂತು.

"ಗ್ಲಾಕೋಮಾ," ಅಂದರು. ಕಣ್ಣಿನ ಒಳಗೆ ನೀರು ಹುಟ್ಟುತ್ತಾ ಇರುತ್ತದಂತೆ, ಒಂದು ಮೂಲೆಯಿಂದ ಹೊರಗೆ ಹೋಗುತ್ತದಂತೆ. ನನ್ನಂಥ ಕಣ್ಣಿನಲ್ಲಿ ಆ ಮೂಲೆ ಇಕ್ಕಟ್ಟು. ಕತ್ತಲೆಯಲ್ಲಿ ಪಾಪೆ ದೊಡ್ಡದಾದಾಗ ಪೂರ್ತಿ ಮುಚ್ಚುತ್ತದೆ. ನೀರು ಒಳಗೇ ನಿಂತು ನರವನ್ನು ಒತ್ತಿ ಕೊಲ್ಲುತ್ತದೆ.

"ನಿಮಗೆ ಎಂತ ಕೆಲಸ?"

ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ದೀಪದ ಸುತ್ತ ಬಣ್ಣದ ಬಳೆ ಕಂಡದ್ದುಂಟಾ?"

"ಉಂಟು. ಎರಡು ವರ್ಷದಿಂದ."

"ಆಗಲೇ ಬಂದಿದ್ದರೆ ಎರಡೂ ಕಣ್ಣು ಉಳಿಯುತ್ತಿತ್ತು."

ನನಗೆ ಆಗ ಕಣ್ಣು ನೆನಪಾಗಲಿಲ್ಲ. ಮಾಷ್ಟ್ರ ಸುರಂಗದ ಬಾಯಿಗೆ ನಾನು ಪೇರಿಸಿದ ಕಲ್ಲುಗಳು ನೆನಪಾದವು.

ಬಲಗಣ್ಣಿನಲ್ಲಿ ಮಾತ್ರ ದೃಷ್ಟಿ ಉಳಿದಿತ್ತು. ಲೇಸರ್ ಮಾಡಿದರೂ ಅದರೊಳಗಿನ ನೀರಿನ ಪ್ರೆಷರ್ ಸಾಕಷ್ಟು ಇಳಿದಿರಲಿಲ್ಲ. ಡಾಕ್ಟರಮ್ಮ ಚಿತ್ರ ಬರೆದು ತೋರಿಸಿದರು. ಹಳೆಯ ದೊಡ್ಡ ಆಪರೇಷನ್ ಒಂದು, ಬಿಳಿ ಭಾಗದಲ್ಲಿ ಕತ್ತರಿಸಿ ನೀರಿಗೆ ಹೊಸ ದಾರಿ ಮಾಡುವುದು. ಈಗ ಸಣ್ಣವೂ ಬಂದಿವೆಯಂತೆ. ಕೂದಲಿಗಿಂತ ಸ್ವಲ್ಪ ದಪ್ಪದ ಸ್ಟೆಂಟ್ ಎಂಬ ಕೊಳವೆ ಇಡುತ್ತಾರೆ, ಆದರೆ ಮುಚ್ಚಿದ ಮೂಲೆಯಲ್ಲಿ ಅದನ್ನು ಇಡಲು ಜಾಗ ಇಲ್ಲ. ನನಗೆ ಸರಿಹೋಗುವುದು ಇನ್ನೊಂದು: ಉಬ್ಬಿದ ಲೆನ್ಸನ್ನು ಒಂದು ಸಣ್ಣ ತೂತಿನಿಂದ ತೆಗೆದು ಬೇರೆ ಇಟ್ಟು, ಅದೇ ತೂತಿನಿಂದ ಹೋಗಿ, ಅಂಟಿಕೊಂಡ ಮೂಲೆಯನ್ನು ಬಿಡಿಸುವುದು. ಹೊಲಿಗೆ ಬೇಡ.

"ನೀರಿಗೆ ದಾರಿ ಬಿಡಿಸುವುದು ನನ್ನ ಕೆಲಸವೇ ಅಲ್ಲವಾ," ಅಂದೆ. "ಎಡಗಣ್ಣಿಗೂ ಅದನ್ನೇ ಮಾಡಿ."

ಅವರು ನಗಲಿಲ್ಲ. "ಸಣ್ಣ ಆಪರೇಷನ್ ಏನಿದ್ದರೂ ಬೇಗ ಬಂದವರ ಕಣ್ಣಿಗೆ. ಎಡದ್ದರಲ್ಲಿ ಹೋದ ನರವನ್ನು ಯಾವ ಆಪರೇಷನ್ನೂ ತರುವುದಿಲ್ಲ. ಅದಕ್ಕೆ ನೋವು ಬಾರದ ಹಾಗೆ ಡ್ರಾಪ್ಸ್. ಬಲದ್ದೂ ಇಷ್ಟರಲ್ಲೇ ನಿಲ್ಲುತ್ತದೆ ಎಂದು ನಾನು ಮಾತು ಕೊಡುವುದಿಲ್ಲ. ಮುಂದೆ ದೊಡ್ಡದು ಬೇಕಾಗಲೂಬಹುದು."

ಆಪರೇಷನ್ ಹೊತ್ತಿಗೆ ಎಚ್ಚರ ಇತ್ತು. ಒಂದು ಬೆಳಕು, ಅದರ ಮೇಲೆ ನೀರು ಹರಿದ ಹಾಗೆ. ಯಾರೋ ನನ್ನ ಒಳಗೆ ನಿಧಾನಕ್ಕೆ ಕೊರೆಯುತ್ತಿದ್ದಾರೆ, ಕೈ ತಪ್ಪಿದರೆ ಎಲ್ಲ ಕುಸಿಯುತ್ತದೆ. ಕೆಲಸ ಗೊತ್ತಿದ್ದವನಿಗೆ ಹೆದರಿಕೆ ಜಾಸ್ತಿ. ಅದೇ ದಿನ ಮನೆಗೆ ಕಳಿಸಿದರು.

ಪ್ರೆಷರ್ ಇಳಿಯಿತು. ಸದ್ಯಕ್ಕೆ ಇಳಿದೇ ಉಂಟು.

ಈಗ ಲಲಿತ ಹೊತ್ತು ಹೊತ್ತಿಗೆ ಡ್ರಾಪ್ಸ್ ಬಿಡುತ್ತಾಳೆ. ಎಡಗಡೆಯ ಬಾಗಿಲ ಚೌಕಟ್ಟು ದಿನಕ್ಕೊಮ್ಮೆ ನನಗೆ ಬಡಿಯುತ್ತದೆ. ಒಂದು ದಿನ ಅಂಗಳದಲ್ಲಿ ಪಿಕ್ಕಾಸು ಎತ್ತಿ ನೋಡಿದೆ. ಗುರಿಯಿಟ್ಟ ಕಲ್ಲು ಒಂದು ಕಡೆ, ಪೆಟ್ಟು ಬಿದ್ದದ್ದು ಕಾಲಿನ ಹತ್ತಿರ. ಪಿಕ್ಕಾಸನ್ನು ತೊಳೆದು ಸಂಜೀವನಿಗೆ ಕೊಟ್ಟೆ. ಅವನು ಆ ದಿನ ತಮಾಷೆ ಮಾಡಲಿಲ್ಲ. ಅದರಿಂದಲೇ ನನಗೆ ಹೆಚ್ಚು ನೋವಾಯಿತು.

ಮಾಷ್ಟ್ರ ಮನೆಗೆ ಹೋಗಲು ಮತ್ತೆ ಒಂದು ತಿಂಗಳು ಹಿಡಿಯಿತು. ಸಂಜೀವನನ್ನು ಕರೆದುಕೊಂಡು ಹೋದೆ. ಮಾಷ್ಟ್ರ ಹೆಂಡತಿ ಟೀಚರಮ್ಮ ಸೊಂಟ ಹಿಡಿದುಕೊಂಡು ಬಂದು ಬೆಲ್ಲ, ನೀರು ಇಟ್ಟರು.

"ಬೆಲ್ಲ ನಮ್ಮದು ಬಾಬು. ನೀರು ಆಚೆ ಮನೆಯದ್ದು. ಎರಡು ಬೇಸಗೆಯಿಂದ ಹೊತ್ತು ತರುವುದೇ."

ಲೋಟ ಮುಟ್ಟಲು ಆಗಲಿಲ್ಲ. ನಿಂತೇ ಹೇಳಿದೆ.

"ಮಾಷ್ಟ್ರೇ, ನಿಮ್ಮ ಸುರಂಗದ ಗಾಳಿ ಸರಿಯೇ ಇತ್ತು. ಹಾಳಾದದ್ದು ನನ್ನ ಕಣ್ಣು. ಇವನು ಆ ದಿನವೇ ಹೇಳಿದ, ನಾನು ಕೇಳಲಿಲ್ಲ."

ಮಾಷ್ಟ್ರು ಲೋಟವನ್ನು ನನ್ನ ಕಡೆಗೆ ಸರಿಸಿದರು. ಸಿಟ್ಟು ಬಂದಿದ್ದರೆ ಒಳ್ಳೆಯದಿತ್ತು. "ಕೂತ್ಕೋ. ನೀರು ಕುಡಿ," ಅಂದರು, ಅಷ್ಟೇ.

ಮರುದಿನ ಸಂಜೀವನೂ ಅವನ ತಮ್ಮನೂ ಕಲ್ಲು ತೆಗೆದರು. ನನಗೆ ಒಳಗೆ ಕೆಲಸ ಇಲ್ಲ. ಸುರಂಗದ ಬಾಯಲ್ಲಿ ಒಂದು ಕಲ್ಲಿನ ಮೇಲೆ ಕೂತೆ. ಸಂಜೀವ ಬಗ್ಗಿ ಒಳಗೆ ಹೋದ. ದೂರದ ಗೂಡಿನಲ್ಲಿ ಮೇಣದಬತ್ತಿ ಹೊತ್ತಿಸಿ ಅಲ್ಲಿಂದಲೇ ಕೂಗಿದ.

"ಬಾಬಣ್ಣಾ, ಬಳೆ ಉಂಟಾ?"

ಎಡಗಣ್ಣು ಮುಚ್ಚಿದೆ. ಮುಚ್ಚಿದರೂ ಬಿಟ್ಟರೂ ಅದಕ್ಕೆ ಒಂದೇ. ಬಲಗಣ್ಣಿನಲ್ಲಿ ಒಂದು ಸಣ್ಣ ಹಳದಿ ಬೆಳಕು ನೆಟ್ಟಗೆ ನಿಂತಿತ್ತು. ಸುತ್ತ ಏನೂ ಇಲ್ಲ.

"ಇಲ್ಲ ಮಾರಾಯ," ಅಂದೆ. "ಅಗೆ ನೀನು."