ಟಾಡ್‌ಗೊಂದು ಗೋತ್ರ ಬೇಕಾಗಿದೆ

ನಮ್ಮ ಭಾವಿ ಅಳಿಯ ಈಚೆಗೊಂದು ದಿನ ನನ್ನ ಮಗಳಿಗೆ ಅಣ್ಣನಾಗಿಬಿಟ್ಟ.

ಗಾಬರಿಯಾಗಬೇಡಿ. ಆಗಬೇಕಾದ ಗಾಬರಿಯನ್ನೆಲ್ಲ ನಿಮ್ಮ ಪರವಾಗಿ ನಾನೇ ಆಗಿದ್ದೇನೆ.

ಹುಡುಗನ ಹೆಸರು ಟಾಡ್. ಹುಟ್ಟಿದ್ದು ಇಲ್ಲೇ ಕ್ಯಾಲಿಫೋರ್ನಿಯಾದಲ್ಲಿ, ಪೂರ್ವಜರು ಇಂಗ್ಲೆಂಡಿನವರು. ಫಾಸ್ಟರ್ ಸಿಟಿಯಲ್ಲಿ ಲ್ಯಾಬಿನ ಕೆಲಸ. ವಾರಕ್ಕೆರಡು ಸಲ ಬ್ರಿಜ್ ದಾಟಿಕೊಂಡು ನೆವಾರ್ಕಿನ ನಮ್ಮ ಮನೆಗೆ ಬಂದು, ನನ್ನ ಮಗಳು ಮೇದಿನಿಗಿಂತ ಎರಡು ಸೌಟು ಹೆಚ್ಚೇ ಹುಳಿ ಬಡಿಸಿಕೊಳ್ಳುತ್ತಾನೆ. ಇಬ್ಬರೂ ಮದುವೆಯಾಗುತ್ತೇವೆ ಅಂದಾಗ, ಮೈಸೂರಿನಿಂದ ಬಂದು ನಮ್ಮ ಜೊತೆಗಿರುವ ಅತ್ತೆಯವರು ಏನನ್ನುತ್ತಾರೋ ಅಂತ ಹೆದರಿದ್ದೆ. ಅತ್ತೆ ಎರಡೇ ನಿಮಿಷದಲ್ಲಿ ಒಪ್ಪಿದರು!

"ಹುಡುಗ ಊಟ ಮಾಡಿ ಪಾತ್ರೆ ತೊಳೀತಾನೆ. ಇನ್ನೇನು ಬೇಕು?" ಅಂದರು. (ನಾನು ಅವರ ಮಗನ ಕಡೆ ನೋಡಿದೆ. ಅವರು ಫೋನ್ ನೋಡುತ್ತಿದ್ದರು.)

ಹಾಲ್ ಬುಕ್ ಆಯಿತು. ಹಾಲ್ ಖಾಲಿ ಇದ್ದ ಒಂದೇ ಒಂದು ಶನಿವಾರಕ್ಕೆ ಪುರೋಹಿತರು ಪ್ರಶಸ್ತವಾದ ಮುಹೂರ್ತವನ್ನೂ ಹುಡುಕಿಕೊಟ್ಟರು. ಎಲ್ಲ ಸಲೀಸು ಅಂದುಕೊಳ್ಳುವಷ್ಟರಲ್ಲಿ ಅವರದೇ ಫೋನು. ಫ್ರೀವೇ ಮೇಲಿದ್ದರು. ಸ್ಪೀಕರಿನಲ್ಲಿ ಹಾಕಿದೆ.

"ವರನ ಗೋತ್ರ ಏನಮ್ಮಾ?"

"ಅವರಲ್ಲಿ ಗೋತ್ರ ಇಲ್ಲ ಶಾಸ್ತ್ರಿಗಳೇ."

"ಯೋಚನೆ ಬೇಡ. ಗೋತ್ರ ಗೊತ್ತಿಲ್ದೋರಿಗೆಲ್ಲ ಕಶ್ಯಪ ಗೋತ್ರ ಹಾಕ್ತೀವಿ, ಡೀಫಾಲ್ಟು. ವಧುವಿನ ಗೋತ್ರ?"

ಅತ್ತೆ ಮೆಲ್ಲಗೆ ಹೇಳಿದರು: "ಕಶ್ಯಪ."

"ಮುಂದಿನ ಎಕ್ಸಿಟ್ಟಲ್ಲಿ ಇಳಿದು ಫೋನ್ ಮಾಡ್ತೀನಮ್ಮಾ" ಅಂದರು ಶಾಸ್ತ್ರಿಗಳು.

ಒಂದೇ ಗೋತ್ರ ಅಂದರೆ ಒಬ್ಬನೇ ಋಷಿಯ ಮಕ್ಕಳು, ಅಣ್ಣ ತಂಗಿ. ಹುಡುಗನ ಬಣ್ಣ ಅತ್ತೆಗೆ ಅಡ್ಡಿಯಾಗಲಿಲ್ಲ. ಅವನು ತಿನ್ನುವ ಬರ್ಗರು ಅಡ್ಡಿಯಾಗಲಿಲ್ಲ. ಆದರೆ ಇದು? "ಸಗೋತ್ರದ ಮದುವೆಗೆ ನಾನು ಅಕ್ಷತೆ ಹಾಕಲ್ಲ ಕಣೇ. ನೀವು ಮಾಡ್ಕೊಳ್ಳಿ, ನಾನು ರೂಮಲ್ಲಿರ್ತೀನಿ" ಅಂದರು. ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. ಅವರು ಕೂಗಾಡಲಿಲ್ಲ, ಕಣ್ಣೊರೆಸಿಕೊಂಡರು. ಮೇದಿನಿಯನ್ನು ಎರಡು ವರ್ಷ ಎತ್ತಿ ಆಡಿಸಿದವರು ಅವರು. ಅವರ ಅಕ್ಷತೆ ಬೀಳದ ಮದುವೆ ಅವಳಿಗೂ ಬೇಡ, ನನಗೂ ಬೇಡ.

(ಗೋತ್ರ ಅನ್ನುವುದು ಅಷ್ಟೊಂದು ಗಟ್ಟಿಯೇ ಅಂತ ನೀವು ಕೇಳಬಹುದು. ನಾನು ಹುಟ್ಟಿದ್ದು ಭಾರದ್ವಾಜ ಗೋತ್ರದಲ್ಲಿ. ಮದುವೆ ಮಂಟಪದಲ್ಲಿ ಅರ್ಧ ಗಂಟೆಯೊಳಗೆ ಕಶ್ಯಪಕ್ಕೆ ಶಿಫ್ಟ್ ಆದೆ. ಡ್ರೈವರ್ಸ್ ಲೈಸೆನ್ಸಿನಲ್ಲಿ ವಿಳಾಸ ಬದಲಾಯಿಸಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.)

ಪುರೋಹಿತರೇ ಒಂದು ಉಪಾಯ ಹೇಳಿದರು: ಹುಡುಗನನ್ನು ಬೇರೆ ಗೋತ್ರದವರಿಗೆ ದತ್ತು ಕೊಟ್ಟುಬಿಡಿ, ಶಾಸ್ತ್ರಕ್ಕೆ. ಅದನ್ನು ಟಾಡ್‌ನ ಅಮ್ಮನಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಆಕೆ ಬಹಳ ಸಭ್ಯ ಹೆಂಗಸು. "ನನಗಿರುವುದು ಇವನೊಬ್ಬನೇ. ಕೊಡುವುದಕ್ಕಾಗುವುದಿಲ್ಲ" ಅಂತ ಇಂಗ್ಲಿಷಿನಲ್ಲಿ ಮೃದುವಾಗಿ ಹೇಳಿ ಫೋನಿಟ್ಟರು.

ಈಗ ಟಾಡ್‌ಗೆ ಕುತೂಹಲ ಹುಟ್ಟಿತು. ಗೋತ್ರ ಅಂದರೇನು?

"ನಿಮ್ಮ ವಂಶದ ಮೂಲದಲ್ಲಿ ಒಬ್ಬ ಋಷಿ ಇರಬೇಕು. ಕಾಡಲ್ಲಿರೋರು, ಗಡ್ಡ, ತಪಸ್ಸು, ಅದೆಲ್ಲ" ಅಂದಳು ಮೇದಿನಿ.

"ಇದ್ದರೂ ಇರಬಹುದು. ಐ ವಿಲ್ ಲುಕ್ ಇಟ್ ಅಪ್" ಅಂದ ಟಾಡ್.

ನಿಜವಾಗಿಯೂ ಲುಕ್ ಅಪ್ ಮಾಡಿದ! ಇಂಗ್ಲೆಂಡಿನಲ್ಲಿ ಪ್ರತಿ ಊರಿನ ಚರ್ಚಿನಲ್ಲೂ ಒಂದು ರಿಜಿಸ್ಟರ್ ಇಡುತ್ತಿದ್ದರಂತೆ. ಯಾರಿಗೆ ಯಾವಾಗ ನಾಮಕರಣ, ಯಾರಿಗೆ ಯಾರೊಡನೆ ಮದುವೆ, ಯಾರನ್ನು ಎಲ್ಲಿ ಹೂಳಿದರು, ಎಲ್ಲ ಪಾದ್ರಿಗಳ ಕೈಬರಹದಲ್ಲಿ. ಅವುಗಳ ಫೋಟೋ ಈಗ ಆನ್‌ಲೈನಿನಲ್ಲಿ ಸಿಗುತ್ತದೆ. ಟಾಡ್‌ನ ಪೂರ್ವಜರು ಒಂದೇ ಹಳ್ಳಿಯಲ್ಲಿ ತಲೆಮಾರುಗಟ್ಟಲೆ ಅಲ್ಲಾಡದೆ ಕೂತಿದ್ದವರು. ಹಾಗಾಗಿ ಎಲ್ಲರೂ ಸಿಕ್ಕಿದರು.

ಅತ್ತೆ ಮೈಸೂರಿನ ಹೈಸ್ಕೂಲಿನಲ್ಲಿ ಟೀಚರಾಗಿದ್ದವರು. ಕೆಟ್ಟ ಕೈಬರಹ ಓದುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಕನ್ನಡಕದ ಮೇಲೊಂದು ಭೂತಗನ್ನಡಿ ಹಿಡಿದು, ಈಗ ದಿನವೂ ಬರತೊಡಗಿದ ಟಾಡ್ ಪಕ್ಕದಲ್ಲಿ ಕೂತುಬಿಟ್ಟರು. ಸಂಜೆಯ ಸೀರಿಯಲ್ಲುಗಳು ಮೂಲೆಗೆ ಬಿದ್ದವು.

"ಇವಳು ಯಾರೋ ಮೇರಿ, ಹೋದ ಪುಟದಲ್ಲಿ ಸತ್ತಿದ್ದಳಲ್ಲೋ?"

"ನೋ ಅಜ್ಜಿ, ದಟ್ ವಾಸ್ ಹರ್ ಸಿಸ್ಟರ್."

"ಅಯ್ಯೋ ಪಾಪ."

ಹೀಗೆ ನಮ್ಮ ಮನೆಯಲ್ಲಿ ಪ್ರತಿದಿನ ಸೂತಕ. ಆದರೆ ಋಷಿ? ಸಿಕ್ಕಿದವರೆಲ್ಲ ಕುರಿ ಕಾಯುವವರು, ಗಾಡಿ ಹೊಡೆಯುವವರು. ಒಬ್ಬ ಬಿಯರ್ ಪೀಪಾಯಿ ಮಾಡುವವನು. (ಅತ್ತೆಗೆ ಪಾತ್ರೆ ಕೆಲಸ ಅಂದೆ.) ಮದುವೆಗೆ ಎರಡೇ ವಾರ ಉಳಿದಿತ್ತು. ನನಗೆ ನಿದ್ದೆ ಹತ್ತುತ್ತಿರಲಿಲ್ಲ.

ಒಂದು ಭಾನುವಾರ ಅತ್ತೆ "ಸಿಕ್ಕಿದ!" ಅಂತ ಕಿರುಚಿದರು. ಒಗ್ಗರಣೆ ಬಿಟ್ಟು ಓಡಿದೆ.

ಹೂಳಿದವರ ಪಟ್ಟಿಯಲ್ಲಿ, ಟಾಡ್‌ನ ಮನೆತನದ್ದೇ ಆದ ಆಂಬ್ರೋಸ್ ಎಂಬ ಹೆಸರು. ಪಕ್ಕದಲ್ಲಿ ಪಾದ್ರಿಯ ಟಿಪ್ಪಣಿ: ಈತ ಬಹುಕಾಲ ಕಾಡಿನಲ್ಲಿ ಒಂಟಿಯಾಗಿ ವಾಸಿಸಿದನು. ಮರದಿಂದ ಬಿದ್ದದ್ದನ್ನು ತಿಂದನು. ಗಡ್ಡ ಸೊಂಟದವರೆಗೆ ಇತ್ತು. ಹಕ್ಕಿಗಳೊಡನೆ ಹೊರತು ಯಾರೊಡನೆಯೂ ಮಾತಾಡಲಿಲ್ಲ.

"ಇನ್ನೇನು ಬೇಕು? ಸಾಕ್ಷಾತ್ ಋಷಿ!" ಅತ್ತೆಯ ಕಣ್ಣಲ್ಲಿ ನೀರು.

ಅವನು ಕಾಡಿಗೆ ಹೋದದ್ದು ತನ್ನ ತಮ್ಮ ಬಾರಿಸುತ್ತಿದ್ದ ಚರ್ಚಿನ ಗಂಟೆಯ ಸದ್ದು ತಡೆಯಲಾರದೆ ಅಂತಲೂ ಪಾದ್ರಿ ಬರೆದಿದ್ದರು. "ಏಕಾಂತ ಬೇಕಿತ್ತು ಪಾಪ" ಅಂದರು ಅತ್ತೆ. ಪುರೋಹಿತರಿಗೆ ಫೋನ್ ಹೋಯಿತು. ಅವರು ಈ ಸಲವೂ ಫ್ರೀವೇ ಮೇಲೆ. "ಮನೆ ಹಿರಿಯರು ಒಪ್ಪಿದರೆ ನಂದೇನಮ್ಮಾ?" ಅಂದು, ಅಲ್ಲೇ ಒಮ್ಮೆ ಹೇಳಿ ನೋಡಿದರು: "ಆಂಬ್ರೋಸ ಗೋತ್ರೋದ್ಭವಾಯ..." ಕೇಳಲು ಚೆನ್ನಾಗಿಯೇ ಇತ್ತು. ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ.

ಮದುವೆಗೆ ಮೂರು ದಿನವಿದೆ ಅನ್ನುವಾಗ ಟಾಡ್ ಲ್ಯಾಪ್‌ಟಾಪ್ ಹಿಡಿದು ಬಂದ. ಮೊದಲೇ ಬಿಳಿಯ ಹುಡುಗ, ಇನ್ನಷ್ಟು ಬಿಳಿಚಿಕೊಂಡಿದ್ದ.

"ಆಂಟಿ, ಆಂಬ್ರೋಸ್ ನಮ್ಮ ಪೂರ್ವಜ ಅಲ್ಲ. ಅವನಿಗೆ ಮದುವೆಯೇ ಆಗಿರಲಿಲ್ಲ. ಮಕ್ಕಳೂ ಇಲ್ಲ. ನಾವು ಅವನ ತಮ್ಮನ ವಂಶ."

"ಆ ಗಂಟೆ ಬಾರಿಸುತ್ತಿದ್ದವನು?"

"ಅವನೇ."

ಆ ಪುಟವನ್ನು ಮುಚ್ಚಿಬಿಡು ಮಾರಾಯ, ಯಾರಿಗೂ ಹೇಳಬೇಡ ಅಂತ ಕೈ ಮುಗಿದೆ. ಅವನು ಕೇಳಲಿಲ್ಲ. ಲ್ಯಾಬಿನಲ್ಲಿ ಕೆಲಸ ಮಾಡುವವರಿಗೆ ಈ ಕಾಯಿಲೆ ಇರುತ್ತದೆ. ಡೇಟಾ ತಪ್ಪಾದರೆ ಹೇಳದೆ ಇರಲಾರರು. ಅಜ್ಜಿಗೆ ಸುಳ್ಳು ಹೇಳಿ ಮದುವೆಯಾಗಲಾರೆ ಅಂದ. ಅವನ ಮೇಲೆ ಸಿಟ್ಟೂ ಬಂತು, ಇವನನ್ನೇ ಅಳಿಯ ಮಾಡಿಕೊಳ್ಳಬೇಕು ಅಂತ ಹಟವೂ ಬಂತು.

ಅತ್ತೆ ಅಡುಗೆಮನೆಯಲ್ಲಿ ಹುರುಳಿಕಾಯಿ ಸೋಸುತ್ತಿದ್ದರು. ಟಾಡ್ ಅವರೆದುರು ನೆಲದ ಮೇಲೆ ಕೂತು, ತನ್ನ ಮುರುಕು ಕನ್ನಡದಲ್ಲಿ ಎಲ್ಲ ಒಪ್ಪಿಸಿದ. "ಸಾರಿ ಅಜ್ಜಿ. ಆಂಬ್ರೋಸ್ ನಮ್ದು ಅಲ್ಲ. ಬುಕ್ಕಲ್ಲಿ ಇಲ್ಲ."

ಮೇದಿನಿ ನನ್ನ ಕೈ ಹಿಡಿದುಕೊಂಡಳು. ನಾನು ಕಣ್ಣು ಮುಚ್ಚಿಕೊಂಡೆ.

ಅತ್ತೆ ಒಂದು ಹುರುಳಿಕಾಯಿಯ ನಾರು ಪೂರ್ತಿ ಎಳೆದರು. ಆಮೇಲೆ ಟಾಡ್‌ನನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ಬುಕ್ಕಲ್ಲಿ ಇಲ್ವಂತೆ! ಅಲ್ಲ ಕಣೇ, ನಾವು ಕಶ್ಯಪರ ಮಕ್ಕಳು ಅಂತ ಯಾವ ಬುಕ್ಕಲ್ಲಿ ಎಂಟ್ರಿ ಹಾಕಿದಾರೆ, ತೋರ್ಸು ನೋಡೋಣ?"